ಬೀಗರೂಟಕ್ಕೆ ಮೀನುಮರಿ

ಹಾರಂಗಿ ಹಿನ್ನೀರಿನ ಮೀನುಗಾರರ ಸಂಘದಲ್ಲಿ ಜವರಯ್ಯನ ಬಾಯಿಗೆ ಹೆದರದವರಿಲ್ಲ. ಶ್ರಾವಣದಲ್ಲಿ ಸಂಘದವರು ನೀರಿಗೆ ಬಿಟ್ಟ ಕಾಟ್ಲಾ, ರೋಹು ಮರಿಗಳೆಲ್ಲ ತೊರೆ ಬಂದು ಸೇರುವ ಬಾಯಲ್ಲೇ ಬೆಳೆಯೋದು. ಹೊಸ ನೀರು ಮೇವು ತರುತ್ತೆ, ದಡದ ಜೊಂಡು ದೊಡ್ಡ ಮೀನಿನ ಕಣ್ಣಿಂದ ಮರೆ ಮಾಡುತ್ತೆ. "ತೊರೆಬಾಯಿ ಅಂದ್ರೆ ಬಾಣಂತಿ ಕೋಣೆ ಕಣ್ರೋ. ಅಲ್ಲಿಗೆ ಬಲೆ ಹಾಕೋನು ಮನುಷ್ಯನಾ?" ಅಂತ ಕೂಗಾಡುವವನು ಇವನೇ. ಹೋದ ವರ್ಷ ಬೊಳ್ಳಪ್ಪ ಅಲ್ಲಿ ಮರಿ ಹಿಡಿಯೋಕೆ ಸೊಳ್ಳೆಪರದೆ ಎಳೆದು ಸಿಕ್ಕಿಬಿದ್ದಾಗ, ಆ ಪರದೆಯನ್ನು ಎಲ್ಲರೆದುರು ಸುಟ್ಟವನೂ ಇವನೇ. ಪಾಪ, ಬೊಳ್ಳಪ್ಪ ಅವತ್ತಿಂದ ಸಂಘದಲ್ಲಿ ತಲೆ ಎತ್ತಿ ಮಾತಾಡಿದವನಲ್ಲ.

ಈ ಸಲ ದಸರಾ ಕಳೆದ ಮೇಲೆ ಮಗಳು ಮಾನಸಳ ಮದುವೆಯಾಯ್ತು. ಬೀಗರೂಟಕ್ಕೆ ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಬರಬೇಕು. ಕುರಿ ಕಡಿಸಿದ್ದರೆ ಸಾಕಾಗಿತ್ತು. ಸಾಕಾಗುತ್ತಾ ಇವನಿಗೆ? "ನಮ್ಮನೆ ಎಲೆ ಮೇಲೆ ಹಾರಂಗಿ ಮೀನಿಲ್ಲ ಅಂದ್ರೆ ನಾನು ಬಲೆ ಹಿಡಿದೋನೇ ಅಲ್ಲ" ಅಂತ ಬೀಗರಿಗೆ ಜಂಬ ಕೊಚ್ಚಿಬಿಟ್ಟಿದ್ದ.

ಅಷ್ಟರಲ್ಲಿ ಮಳೆ ಹುಯ್ದು ಕೆಂಪು ನೀರು ನುಗ್ಗಿತು. ಬಿಟ್ಟ ಬಲೆಯೆಲ್ಲ ಖಾಲಿ. ಕುಶಾಲನಗರದ ಅಂಗಡಿಯಿಂದ ತರೋಣ ಅಂದಳು ಹೆಂಡತಿ ಕಾಳಮ್ಮ. ಅಂಗಡಿ ಮೀನಾ! ಬೀಗರಿಗಾ! ಊಟದ ದಿನ ಬೆಳಗ್ಗೆ ಮಂಚದ ಸೊಳ್ಳೆಪರದೆ ಕಿತ್ತುಕೊಂಡು ತೊರೆಬಾಯಿಗೆ ನಡೆದ. ಎಳೆದ. ಬೆರಳುದ್ದದ ಮರಿಗಳು, ಇನ್ನೊಂದು ಮಳೆಗಾಲ ಕಂಡಿದ್ದರೆ ಕೇಜಿ ತೂಗುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಅಂತ ತನಗೇ ಅನ್ನಿಸಿದರೂ ಬುಟ್ಟಿಗೆ ಸುರಿದುಕೊಂಡ.

ಮಧ್ಯಾಹ್ನ ಚಪ್ಪರದ ಪಂಕ್ತಿಯಲ್ಲಿ ಬೀಗರ ಜೊತೆ ಸಂಘದವರೂ ಕೂತಿದ್ದರು, ಬೊಳ್ಳಪ್ಪನೂ ಇದ್ದ. ಗರಿಗರಿ ಹುರಿದ ಮೀನು ಬೀಗರಿಗೆ ಬಲು ರುಚಿಸಿತು. ಸಂಘದ ಚಂದ್ರು ಮಾತ್ರ ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಅಯ್ಯಯ್ಯೋ, ಇದು ರೋಹು ಮರಿ! ಯಾವನೋ ತೊರೆಬಾಯಿಗೆ ಕೈ ಹಾಕವ್ನೆ. ಜವರಣ್ಣ, ಯಾರು ತಂದುಕೊಟ್ಟಿದ್ದು ಇದನ್ನ?"

ನೀರಿನ ಜಗ್ ಹಿಡಿದು ನಿಂತಿದ್ದ ಜವರಯ್ಯ ತುಂಬಿದ್ದ ಲೋಟಕ್ಕೇ ಮತ್ತೆ ನೀರು ಸುರಿದ. ಬೀಗರು ಅವನ ಮುಖವನ್ನೇ ನೋಡುತ್ತಿದ್ದರು.

"ನಾನು ಕಣಪ್ಪ" ಅಂದ ಬೊಳ್ಳಪ್ಪ, ಎಲೆಯಿಂದ ತಲೆ ಎತ್ತದೆ. "ನೇರ ಅಡಿಗೆಯವರ ಕೈಗೆ ಕೊಟ್ಟೋದೆ. ಅಣ್ಣ ನೋಡೇ ಇಲ್ಲ."

ಅಬ್ಬಾ ಅಂತ ಜವರಯ್ಯನಿಗೆ ಉಸಿರು ಬಂತು. ಉಸಿರು ಬಂದಿದ್ದಕ್ಕೇ ಹೇಸಿಗೆಯಾಯ್ತು.

"ಇವನ ಬುದ್ಧಿ ಇಷ್ಟೇ! ಅಣ್ಣಾ, ಸರಿಯಾಗಿ ಉಗೀರಿ ಇವನಿಗೆ" ಅಂದ ಚಂದ್ರು.

ಬೊಳ್ಳಪ್ಪ ಅರ್ಧ ಊಟಕ್ಕೇ ಎದ್ದ. ಜವರಯ್ಯ ಹಿಂದೆಯೇ ಹೋಗಿ, ಕೈ ತೊಳೆಯುವ ಕಡೆ ಹಿಡಿದ. "ಯಾಕಪ್ಪಾ ಹಂಗಂದೆ?"

"ಬೆಳಗ್ಗೆ ನಿಮ್ಮನ್ನ ತೊರೆಬಾಯಲ್ಲಿ ಕಂಡೆ ಅಣ್ಣ. ಹೆಣ್ಣು ಕೊಟ್ಟ ಮನೆ, ಬೀಗರ ಮುಂದೆ ನಿಮ್ಮ ತಲೆ ತಗ್ಗಬಾರದು. ನಂಗೆ ಉಗಿಸ್ಕೊಂಡು ಅಭ್ಯಾಸ ಅದೆ." ಟವೆಲ್ಲಿಗೆ ಕೈ ಒರೆಸಿಕೊಂಡು ಹೊರಟೇಹೋದ.

ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲರೆದುರು ಹೇಳಿಬಿಡ್ತೀನಿ ಅಂತಲೇ ಜವರಯ್ಯ ಚಪ್ಪರಕ್ಕೆ ಬಂದ. ಬೀಗರು ಎದುರಿಗೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ಉಗಿದ್ರಾ ಅಣ್ಣಾ?" ಅಂತ ಕೇಳಿದ ಚಂದ್ರು.

"ಹೂಂ" ಅಂದ ಜವರಯ್ಯ. "ಉಗಿದೆ ಕಣಪ್ಪ."