ಎರಡಕ್ಷರದ ಹೆಸರು

ನಂಬಿ ಎಂದು ನಾನು ಯಾರ ಮುಂದೆಯೂ ಕೈಮುಗಿಯುವುದಿಲ್ಲ. ಆ ರಾತ್ರಿಯ ಲಾಗ್ ಫೈಲ್ ಇವತ್ತಿಗೂ ನನ್ನ ಪೆನ್‌ಡ್ರೈವ್‌ನಲ್ಲಿದೆ. ಅನುಮಾನ ಇದ್ದವರು ಕುಶಾಲನಗರದ ನನ್ನ ಅಂಗಡಿಗೆ ಬಂದು ನೋಡಬಹುದು. ನನ್ನ ಗಂಡ ಒಂದೇ ಒಂದು ಸಲ ನೋಡಿದ. ಆಮೇಲೆ ಆ ಪೆನ್‌ಡ್ರೈವ್ ಮನೆಯೊಳಗೆ ತರಬೇಡ ಅಂದ.

ನಾನು ಸವಿತಾ. ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಎಳೆಯುವುದು, ಸರ್ವರ್ ಕೂರಿಸುವುದು ನನ್ನ ಹೊಟ್ಟೆಪಾಡು. ಹಗ್ಗ ಕಂಡು ಹಾವೆಂದು ಕಿರುಚುವ ಪೈಕಿ ನಾನಲ್ಲ. ಕೋಪ ಸ್ವಲ್ಪ ಜಾಸ್ತಿ, ಅದನ್ನು ಒಪ್ಪಿಕೊಳ್ಳುತ್ತೇನೆ. ಈ ಕಥೆ ಶುರುವಾದದ್ದೂ ಅಲ್ಲಿಂದಲೇ.

ಕೆಲಸ ಇದ್ದದ್ದು ಪಾಲಿಬೆಟ್ಟದಿಂದಾಚೆ, ಎಸ್ಟೇಟೊಂದರ ಹಳೇ ಆಸ್ಪತ್ರೆಯಲ್ಲಿ. ಎಸ್ಟೇಟಿನ ಹೆಸರು ಬೇಡ. ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿದೆ, ಆದರೆ ರಿಜಿಸ್ಟರುಗಳು ಉಳಿದಿದ್ದವು. ಯಾರು ಯಾವಾಗ ಬಂದರು, ಎಲ್ಲಿಂದ ಬಂದರು, ಏನಾಯಿತು ಎಂದು ಬರೆದಿಟ್ಟ ದಪ್ಪ ಪುಸ್ತಕಗಳು. ಕಾಡಂಚಿನ ಹಾಡಿಯ ಆದಿವಾಸಿ ಜನ ತಮ್ಮ ಜಾಗಕ್ಕೆ ಹಕ್ಕುಪತ್ರ ಕೇಳಲು ಹೋದರೆ ‘ನೀವು ಇಲ್ಲಿಯವರೇ ಅನ್ನೋದಕ್ಕೆ ದಾಖಲೆ ಎಲ್ಲಿ’ ಎನ್ನುತ್ತಾರಲ್ಲ, ಅವರ ಹಿಂದಿನವರ ಹೆಸರು ಬರವಣಿಗೆಯಲ್ಲಿ ಇದ್ದರೆ ಅದು ಈ ಪುಸ್ತಕಗಳಲ್ಲಿ ಮಾತ್ರ.

ಒಂದು ಸಂಸ್ಥೆಯವರು ಪುಟಗಳ ಫೋಟೋ ತೆಗೆಸಿ, ವಿವರಗಳನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿಸಿದ್ದರು. ನಾನು ಅಲ್ಲಿನ ವೆಬ್ ಸರ್ವರ್‌ಗೆ ಹುಡುಕಾಟದ ಮಾಡ್ಯೂಲ್ ಸೇರಿಸಬೇಕಿತ್ತು. ಒಂದು ಪದ ಟೈಪ್ ಮಾಡಿದರೆ ಆ ಪದ ಇರುವ ಪುಟಗಳೆಲ್ಲ ಎದ್ದು ಬರಬೇಕು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿಗಳು ಹಾಡಿಗೆ ಬರುವವರಿದ್ದರು. ಅಷ್ಟರೊಳಗೆ ಮುಗಿಯಬೇಕು.

ಹಗಲೆಲ್ಲ ಕರೆಂಟ್ ಬಂದು ಹೋಗಿ ಆಟವಾಡಿಸಿತು. ಮಾಡ್ಯೂಲ್ ಕೂರಿಸಿ ಮೊದಲ ಸಲ ಪುಟಗಳನ್ನು, ಅಂದರೆ ಅವುಗಳ ಪದಗಳನ್ನೆಲ್ಲ ಹುಡುಕುವ ಪಟ್ಟಿಗೆ, ಪೋಣಿಸುವಾಗ ಸಂಜೆಯಾಗಿತ್ತು. ದಾಖಲೆ ಕೋಣೆಯ ಕೀಲಿ ಇಟ್ಟುಕೊಂಡಿದ್ದ ಬೋಪಣ್ಣ, ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ‘ಪೊನ್ನಪ್ಪ’ ಎಂದು ಟೈಪ್ ಮಾಡಿದೆ. ಹದಿನಾರು ಪುಟ ಬಂತು. ‘ಮುತ್ತಮ್ಮ’, ಒಂಬತ್ತು ಪುಟ.

“ಎಂತ ಮೇಡಂ ಇದು, ಕಣ್ಣು ಮುಚ್ಚಿ ಬಿಡೋದ್ರೊಳಗೆ ಬಂತಲ್ಲ!” ಎಂದು ಬೋಪಣ್ಣ ಬೀಗಿದರು. ನಾನೂ ಬೀಗಿದೆ.

ಆಗಲೇ ಬೊಳ್ಳಿ ಅಜ್ಜಿ ಬಂದದ್ದು. ಎಪ್ಪತ್ತು ದಾಟಿದ ಮುದುಕಿ, ಜೊತೆಗೆ ಮೊಮ್ಮಗಳು ಸುಮಿ. ಇಬ್ಬರೂ ಹಾಡಿಯಿಂದ ನಡೆದೇ ಬಂದಿದ್ದರು.

“ನನ್ನವ್ವನ ಹೆಸರು ನೋಡಿ ಕೊಡು ಮಗ. ಈರಿ ಅಂತ. ನಾನು ಹುಟ್ಟಿದ ದಿನವೇ ಇಲ್ಲೇ ಹೋದ್ಲಂತೆ. ಚಿಕ್ಕವ್ವ ನನ್ನ ಬುಟ್ಟೀಲಿ ಹಾಕ್ಕೊಂಡು ಹಾಡಿಗೆ ಓಡಿದ್ಳು.”

‘ಈರಿ’ ಎಂದು ಹೊಡೆದೆ. ಸೊನ್ನೆ.

“ಇಲ್ಲ ಅಜ್ಜಿ.”

“ಇನ್ನೊಂದ್ಸಲ ನೋಡವ್ವ.”

ಇನ್ನೊಂದು ಸಲ ನೋಡಿದೆ. ಸೊನ್ನೆ.

“ನಾಳೆ ಅವರು ಬಂದು ಏನೂ ಇಲ್ಲ ಅಂತ ಬರ್ಕೊಂಡು ಹೋದ್ರೆ ನಮ್ಮ ಮನೆ ಹೋಯ್ತು ಮಗ. ಇನ್ನೊಂದೇ ಸಲ...”

ನಾಲಿಗೆಗೆ ಎಲುಬಿಲ್ಲ ಎನ್ನುವುದು ಸುಳ್ಳಲ್ಲ. “ಕಂಪ್ಯೂಟರ್ ಸುಳ್ಳು ಹೇಳಲ್ಲ ಅಜ್ಜಿ, ಇಲ್ಲ ಅಂದ್ರೆ ಇಲ್ಲ,” ಎಂದು ರೇಗಿಬಿಟ್ಟೆ. ಅಜ್ಜಿ ಪಕ್ಕದ ಖಾಲಿ ವಾರ್ಡಿನ ಬಾಗಿಲಲ್ಲಿ ನಿಂತು, ಒಳಗೆ ಉಳಿದಿದ್ದ ಒಂದೇ ಒಂದು ಕಬ್ಬಿಣದ ಮಂಚವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು.

ಎಂಟಕ್ಕೆ ಬೋಪಣ್ಣ ಊಟ ತಂದುಕೊಟ್ಟು ಎದ್ದರು. “ಆನೆ ಈಚೆಗೆ ದಾಟಿದಾವೆ ಮೇಡಂ. ಏನೇ ಆದ್ರೂ ಬೆಳಗಾಗೋ ತನಕ ಹೊರಗೆ ಬರ್ಬೇಡಿ. ನಾನು ಗೇಟಿಗೆ ಬೀಗ ಹಾಕ್ತೇನೆ.”

ಹಾಗೆ ಬಾಕಿ ಕೆಲಸ ಮುಗಿಸಲು ನಾನೊಬ್ಬಳೇ ಉಳಿದೆ.

ಯಾರು ಯಾವ ಪದ ಹುಡುಕಿದರು, ಯಾವ ಯಂತ್ರದಿಂದ, ಎಷ್ಟು ಪುಟ ಸಿಕ್ಕಿತು ಎಂದು ಸಾಲು ಸಾಲಾಗಿ ಬರೆದುಕೊಳ್ಳುವ ಲಾಗ್ ಒಂದನ್ನು ಮಾಡಿದ್ದೆ. ಅದನ್ನು ಪರದೆಯ ಒಂದು ಪಕ್ಕದಲ್ಲಿ ತೆರೆದಿಟ್ಟು ಬೇರೆ ಕೆಲಸ ನೋಡುತ್ತಿದ್ದೆ. ನೆಟ್‌ವರ್ಕ್ ಕೇಬಲ್ ಇನ್ನೂ ಚುಚ್ಚಿರಲಿಲ್ಲ, ಮೇಜಿನ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಆ ಯಂತ್ರಕ್ಕೆ ಹೊರಗಿನ ಯಾರ ಸಂಪರ್ಕವೂ ಇಲ್ಲ.

ಹನ್ನೆರಡೂ ನಲವತ್ತಕ್ಕೆ ಲಾಗ್‌ನಲ್ಲಿ ಒಂದು ಹೊಸ ಸಾಲು ಬಂತು.

ಈರಿ. ಸಿಕ್ಕಿದ ಪುಟ: ಸೊನ್ನೆ.

ಸಂಜೆ ನಾನು ಹುಡುಕಿದ್ದೇ ತಡವಾಗಿ ಬರೆದುಕೊಂಡಿರಬೇಕು ಎಂದುಕೊಂಡೆ. ಎಂಟು ನಿಮಿಷ ಬಿಟ್ಟು ಇನ್ನೊಂದು ಸಾಲು. ಈರಿ. ಸೊನ್ನೆ. ಮತ್ತೆ ಎಂಟು ನಿಮಿಷ... ಮತ್ತೆ ಈರಿ. ಎಲ್ಲವೂ ಅದೇ ಯಂತ್ರದೊಳಗಿನಿಂದ. ಅಂದರೆ ನಾನು ಕೂತಿದ್ದ ಜಾಗದಿಂದ.

ಕೀಬೋರ್ಡ್ ಕೆಟ್ಟಿರಬಹುದು ಎಂದು ಅದರ ವೈರ್ ಕಿತ್ತು ತೊಡೆಯ ಮೇಲೆ ಇಟ್ಟುಕೊಂಡೆ. ಪರದೆಯನ್ನೇ ನೋಡುತ್ತ ಕೂತೆ.

ಈರಿ. ಸೊನ್ನೆ.

ಆಸ್ಪತ್ರೆ ಕೌಂಟರಿನಲ್ಲಿ ಇಲ್ಲ ಎನ್ನಿಸಿಕೊಂಡವರು ಸಾಲಿನ ಕೊನೆಗೆ ಹೋಗಿ ನಿಂತು ಮತ್ತೆ ಮುಂದೆ ಬರುತ್ತಾರಲ್ಲ, ಹಾಗಿತ್ತು ಆ ಎಂಟು ನಿಮಿಷ.

ಆಗ ವಾಸನೆ ಬಂತು. ಅಲ್ಲಿಯವರೆಗೆ ಕೋಣೆಯಲ್ಲಿ ಇದ್ದದ್ದು ಹಸಿ ಕಾಗದದ ಮುಗ್ಗಲು. ಈಗ ಫಿನಾಯಿಲ್, ಬಿಸಿನೀರು, ಅದರಡಿಯಲ್ಲಿ ರಕ್ತ. ನಾನೂ ಒಂದು ಹೆತ್ತವಳು. ಹೆರಿಗೆ ಕೋಣೆಯ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ವಾರ್ಡಿನಲ್ಲಿ ಕಬ್ಬಿಣದ ಮಂಚ ಕಿರ್ರ್ ಎಂದಿತು...

ಬಾಗಿಲ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹೊರಗೆ ಆನೆ, ಒಳಗೆ ಇದು. ಓಡುವುದಾದರೂ ಎಲ್ಲಿಗೆ? ಭಯವಾದಾಗ ಕೆಲವರು ದೇವರ ಹೆಸರು ಹೇಳುತ್ತಾರೆ. ನಾನು ಕೀಬೋರ್ಡ್ ಮತ್ತೆ ಚುಚ್ಚಿ, ಮಾಡ್ಯೂಲಿನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಓದತೊಡಗಿದೆ. ನನಗೆ ಗೊತ್ತಿದ್ದದ್ದು ಅದೊಂದೇ.

ಅಲ್ಲಿ ಸಿಕ್ಕಿತು. ಪದದ ಕನಿಷ್ಠ ಉದ್ದ: ನಾಲ್ಕು.

ಇಂಗ್ಲಿಷಿನ ಪುಡಿ ಪದಗಳು ಪ್ರತಿ ಸಾಲಿನಲ್ಲೂ ಸಿಕ್ಕಿ ತೊಂದರೆ ಕೊಡಬಾರದೆಂದು, ನಾಲ್ಕಕ್ಕಿಂತ ಚಿಕ್ಕ ಪದವನ್ನು ಪೋಣಿಸುವುದೇ ಬೇಡ ಎಂದು ಯಾರೋ ಎಲ್ಲೋ ಬರೆದಿಟ್ಟ ನಿಯಮ. ನಾನು ಓದದೆ ಹಾಗೇ ಬಿಟ್ಟಿದ್ದೆ. ಯಂತ್ರ ಗುಣಿತ, ಒತ್ತುಗಳನ್ನೂ ಬೇರೆ ಬೇರೆ ಎಣಿಸುವುದರಿಂದ ಪೊನ್ನಪ್ಪ ಸಿಕ್ಕಿದ, ಮುತ್ತಮ್ಮ ಸಿಕ್ಕಿದಳು. ಹಾಡಿಯವರ ಹೆಸರುಗಳೆಲ್ಲ ಚಿಕ್ಕವು, ಹಾಗೆ ಎಣಿಸಿದರೂ ಮೂರೇ. ಕಾಳ, ಮಾರ, ಪಾಲ, ಚೋಮ, ಈರಿ. ಅವರೆಲ್ಲ ಪುಟಗಳಲ್ಲಿ ಇದ್ದರು. ನನ್ನ ಯಂತ್ರ ಮಾತ್ರ ಅವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳಲ್ಲ ಎಂದು ಆ ಮುದುಕಿಗೆ ರೇಗಿದವಳು ನಾನು. ಭಯದ ನಡುವೆಯೂ ನಾಚಿಕೆಯಿಂದ ಮುಖ ಬಿಸಿಯಾಯಿತು.

ನಾಲ್ಕನ್ನು ಒಂದು ಮಾಡಿ, ಎಲ್ಲ ಪುಟಗಳನ್ನೂ ಮೊದಲಿಂದ ಪೋಣಿಸಲು ಹಾಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಲಾಗ್‌ನಲ್ಲಿ ಒಂದು ಸಾಲೂ ಬರಲಿಲ್ಲ. ಮಂಚವೂ ಸದ್ದು ಮಾಡಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತಿತ್ತು.

ಮುಗಿದ ಮೇಲೆ ನಾನು ಹುಡುಕಬೇಕಾಗಿಯೇ ಬರಲಿಲ್ಲ.

ಈರಿ. ಸಿಕ್ಕಿದ ಪುಟ: ಒಂದು.

ಅದರ ಕೆಳಗೇ ಇನ್ನೊಂದು ಸಾಲು: ಪುಟ ತೆರೆಯಲಾಗಿದೆ. ನಾನು ತೆರೆದಿರಲಿಲ್ಲ. ಆಮೇಲೆ ತೆರೆದೆ. ಮಾಸಿದ ಶಾಯಿ, ಓರೆ ಅಕ್ಷರ. ಈರಿ. ಅದೇ ಹಾಡಿಯ ಹೆಸರು. ಹೆರಿಗೆ. ತಾಯಿ ರಾತ್ರಿ ತೀರಿಕೊಂಡಳು. ಅದರ ಮುಂದಿನ ಕಾಲಮ್ಮು ಮಗುವಿನದು, ಜೀವಂತವೋ ಅಲ್ಲವೋ ಎಂದು ಬರೆಯಬೇಕಾದದ್ದು. ಅಲ್ಲಿ ಏನೂ ಬರೆದಿರಲಿಲ್ಲ. ಬರೆಯುವವನು ಪೆನ್ನು ತೆಗೆಯುವ ಮೊದಲೇ ಚಿಕ್ಕವ್ವ ಮಗುವನ್ನು ಬುಟ್ಟಿಯಲ್ಲಿ ಎತ್ತಿಕೊಂಡು ಹೋಗಿರಬೇಕು.

ಅಜ್ಜಿಯ ಮನೆ ಉಳಿಯಿತು ಎಂದು ಕಣ್ಣಲ್ಲಿ ನೀರೇ ಬಂತು. ಪ್ರಿಂಟ್ ಕೊಡಲು ಕೈ ಚಾಚಿದೆ.

ಲಾಗ್‌ನಲ್ಲಿ ಸಾಲು ಬಂತು. ಈರಿ ಮಗು. ಸೊನ್ನೆ.

ಈಗ ಎಂಟು ನಿಮಿಷದ ಅಂತರ ಇರಲಿಲ್ಲ. ಈರಿ ಮಗು. ಈರಿ ಮಗು. ಈರಿ ಮಗು... ಓದಲು ಆಗದಷ್ಟು ವೇಗವಾಗಿ ಸಾಲುಗಳು ಮೇಲಕ್ಕೆ ಹರಿಯತೊಡಗಿದವು. ಮಂಚದ ಕಾಲು ನೆಲಕ್ಕೆ ಉಜ್ಜುವ ಸದ್ದು ಗೋಡೆಯಾಚೆಯಿಂದ ಬಾಗಿಲವರೆಗೂ ಬಂತು.

ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿಯದು. ಆ ತಾಯಿಗೆ ಯಾರಾದರೂ ಹೇಳಬೇಕಿತ್ತು. ಹುಡುಕುವ ಖಾನೆಯಲ್ಲಿ ನಾನೇ ಟೈಪ್ ಮಾಡಿದೆ: ಮಗು ಬದುಕಿದೆ.

ಎಲ್ಲವೂ ನಿಂತಿತು. ಸದ್ದು, ಸಾಲು, ಎಲ್ಲ. ಹೊರಗೆ ಜೀರುಂಡೆ ಕೂಗುವುದು ಅಷ್ಟು ಹೊತ್ತಿಗೆ ನನ್ನ ಕಿವಿಗೆ ಬಿತ್ತು. ಗಡಿಯಾರ ನೋಡಿದೆ, ಮೂರೂ ಹತ್ತು. ಉಸಿರು ಬಿಟ್ಟೆ.

ಆಗ ಕೊನೆಯ ಸಾಲು ಬಂತು. ಒಂದೇ ಪದ.

ಎಲ್ಲಿ.

ಪುಟಕ್ಕೆ ಪ್ರಿಂಟ್ ಕೊಟ್ಟು, ಕಾಗದ ಹೊರಬರುತ್ತಿದ್ದಂತೆಯೇ ಮೇನ್ ಸ್ವಿಚ್ ಎಳೆದೆ. ಬೆಳಗಾಗುವವರೆಗೆ ಕತ್ತಲಲ್ಲಿ ಆ ಕಾಗದ ಎದೆಗೊತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದೆ.

ಆರಕ್ಕೆ ಬೋಪಣ್ಣ ಬಂದು ಬೀಗ ತೆಗೆದರು. ವಾರ್ಡಿನ ಮಂಚ ನಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. “ಇದನ್ನ ಯಾಕೆ ಎಳೆದ್ರಿ ಮೇಡಂ, ಒಬ್ರೇ?” ಎಂದರು. ನನ್ನ ಮುಖ ನೋಡಿದ ಮೇಲೆ ತಾವೇ ಮಂಚವನ್ನು ಪಕ್ಕಕ್ಕೆ ಸರಿಸಿದರು.

ಹತ್ತಕ್ಕೆ ಆ ಕಾಗದ ಅಧಿಕಾರಿಗಳ ಕೈ ಸೇರಿತು. ಮಳೆಗಾಲ ಕಳೆಯುವಷ್ಟರಲ್ಲಿ ಬೊಳ್ಳಿ ಅಜ್ಜಿಗೆ ಹಕ್ಕುಪತ್ರವೂ ಬಂತು.

ಅಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಆ ಸರ್ವರ್ ನೋಡಿಕೊಂಡು ಬರುವುದು ನನ್ನ ಕೆಲಸ. ಹಗಲು ಹೊತ್ತಿನಲ್ಲಿ ಮಾತ್ರ ಹೋಗುತ್ತೇನೆ. ಪ್ರತಿ ರಾತ್ರಿ ಮೂರೂ ಹತ್ತಕ್ಕೆ ಲಾಗ್‌ನಲ್ಲಿ ಒಂದು ಸಾಲು ಇರುತ್ತದೆ. ಎಲ್ಲಿ. ಒಂದು ರಾತ್ರಿಯೂ ತಪ್ಪಿಲ್ಲ.

ಒಬ್ಬಳೇ ಹೊರಲಾರದೆ ಒಂದು ದಿನ ಹಾಡಿಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ನಗಬಹುದು, ಅಳಬಹುದು ಎಂದುಕೊಂಡಿದ್ದೆ. ಅವಳು ಎಲೆ ಅಡಿಕೆ ಮಡಿಸುತ್ತಲೇ ಕೇಳಿದಳು.

“ನನ್ನನ್ನ ನೋಡ್ದೇನೇ ಹೋದವಳಲ್ಲವಾ ಮಗ, ಕೇಳ್ತಾಳೆ. ಇನ್ನು ಸ್ವಲ್ಪ ತಾಳಲಿ. ಸುಮಿ ಮದುವೆ ಒಂದು ಮುಗೀಲಿ. ಆಮೇಲೆ ಅವಳಿಗೆ ಹೇಳ್ಬಿಡು, ನಾನು ಇಲ್ಲೇ ಹಾಡೀಲಿ ಇದ್ದೀನಿ ಅಂತ.”

“ಹಂಗೆಲ್ಲ ಅನ್ಬೇಡಿ ಅಜ್ಜಿ.”

“ಯಾಕವ್ವ? ಅವ್ವನ ಹತ್ರ ಹೋಗೋಕೆ ಭಯನಾ?”

ಮೊನ್ನೆ ಸುಮಿ ಅಂಗಡಿಗೆ ಬಂದು ಮದುವೆ ಕಾಗದ ಕೊಟ್ಟು ಹೋದಳು. ಬರುವ ಭಾನುವಾರ. ಹೋಗುವಾಗ ಬಾಗಿಲಲ್ಲಿ ನಿಂತು, “ಅಕ್ಕ, ಅಜ್ಜಿ ಒಂದು ಮಾತು ಹೇಳಿದ್ದಾರೆ. ಸೋಮವಾರದ ಕೆಲಸ ಮರೀಬೇಡ ಅನ್ನು ಅಂದ್ರು. ಏನಕ್ಕ ಅದು?” ಎಂದಳು.

ಏನಿಲ್ಲ, ಸರ್ವರ್ ಕೆಲಸ ಅಂದೆ. ಇವತ್ತು ಶುಕ್ರವಾರ.