ಲವಂಗಿ ಕಲಿತ ಒಂದೇ ಮಾತು

ಆ ದಿನಗಳಲ್ಲಿ ನೀವು ಮೋರಟಗಿಯ ಓಣಿಯಲ್ಲಿ ನನಗೆ ಎದುರಾಗಿದ್ದರೆ, ನನ್ನ ಮುಖಕ್ಕಿಂತ ಮೊದಲು ಚಪ್ಪಲಿಗಳನ್ನು ನೋಡುತ್ತಿದ್ದಿರಿ. ಎಡಗಾಲಿನದು ಕಂದು, ಬಲಗಾಲಿನದು ಕಪ್ಪು. ಎರಡರ ಜೊತೆಯವೂ ಒಂದೇ ವಾರದಲ್ಲಿ ನನ್ನ ನಾಯಿ ಲವಂಗಿಯ ಹಲ್ಲಿಗೆ ಸಿಕ್ಕು ತೀರಿಹೋಗಿದ್ದವು. ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯೊಬ್ಬಳು ಹೀಗೆ ಜೋಡಿ ತಪ್ಪಿದ ಪಾದಗಳಲ್ಲಿ ನಡೆದುಹೋಗುವುದನ್ನು ಊರು ಮೊದಲು ಕುತೂಹಲದಿಂದ, ಆಮೇಲೆ ಕನಿಕರದಿಂದ ನೋಡಿ, ಕೊನೆಗೆ ನೋಡುವುದನ್ನೇ ಬಿಟ್ಟಿತು. ಅಭ್ಯಾಸವೆಂಬುದು ಹಾಗೆಯೇ; ಅದು ವಿಚಿತ್ರವನ್ನು ಸರಿಪಡಿಸುವುದಿಲ್ಲ, ಕಣ್ಣಿಗೆ ಬೀಳದಂತೆ ಮಾಡುತ್ತದೆ.

ಎಪ್ಪತ್ತರ ದಶಕದ ನಡುಭಾಗ. ನನಗಾಗ ಇಪ್ಪತ್ತಾರು ವರ್ಷ. ಬಸವನ ಬಾಗೇವಾಡಿಯ ಮನೆಯನ್ನು ಬಿಟ್ಟು ಬಂದು, ನೀಲವ್ವ ಎಂಬ ವಿಧವೆಯ ದೊಡ್ಡ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂಟಿ ಹುಡುಗಿ ಪರಸ್ಥಳದಲ್ಲಿ ಇರುವುದು ಸರಿಯಲ್ಲವೆಂದು ಕೊರಗುತ್ತಿದ್ದ ನನ್ನ ಸೋದರಮಾವ, ಸೊಲ್ಲಾಪುರದಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು, ತಮ್ಮ ಕೊರಗಿಗೊಂದು ಪರಿಹಾರವನ್ನು ಚೀಲದಲ್ಲಿ ಹಾಕಿಕೊಂಡು ಇಂಡಿಗೆ ಬಂದು, ಅಲ್ಲಿಂದ ಸಿಂದಗಿಯ ಬಸ್ಸು ಹಿಡಿದು ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದರು. ಚೀಲದ ಒಂದು ಮೂಲೆ ದಾರಿಯಲ್ಲೇ ಕಡಿದುಹೋಗಿತ್ತು. ಆ ತೂತಿನಿಂದ ಒಂದು ಕಪ್ಪು ಮೂಗು ಹೊರಗೆ ಚಾಚಿ ನೀಲವ್ವನ ಅಂಗಳವನ್ನು ಆಘ್ರಾಣಿಸುತ್ತಿತ್ತು.

"ಟೆರಿಯರ್ ಜಾತಿದು. ಇಲಿ ಹಿಡಿಯಾಕಂತನ ಹುಟ್ಟಿದ್ದು," ಎಂದರು ಮಾವ. "ಸಣ್ಣದೈತಿ ಅಂತ ಮೋಸ ಹೋಗಬ್ಯಾಡ."

ಬಿಳಿಯ ಮೈ, ಒಂದು ಕಿವಿಗೆ ಮಾತ್ರ ಕಂದು ಬಣ್ಣ, ಎರಡು ಬೊಗಸೆ ತುಂಬದಷ್ಟು ಗಾತ್ರ. ಚೀಲದಿಂದ ಇಳಿದದ್ದೇ ನೀಲವ್ವನ ಕೋಳಿಗಳನ್ನು ಮಾಳಿಗೆ ಹತ್ತಿಸಿ, ಎತ್ತಿನ ಕಾಲಡಿ ನುಗ್ಗಿ, ಕಸಬರಿಗೆಯನ್ನು ಎಳೆದುಕೊಂಡು ಓಡಿತು. ನೀಲವ್ವ ಕಟ್ಟೆಯ ಮೇಲೆ ಕುಳಿತೇ ಎಲ್ಲವನ್ನೂ ನೋಡಿ, "ಲವಂಗಿ ಮೆಣಸಿನಕಾಯಿ ಇದ್ದಂಗ ಐತಿ," ಎಂದಳು. ಸಣ್ಣದಾದರೂ ಬಲು ಖಾರದ ಆ ಕಾಯಿಯ ಹೆಸರೇ ಅದಕ್ಕೂ ಆಯಿತು.

ನಾಯಿಯನ್ನು ಪಳಗಿಸುವ ಬಗೆಯನ್ನು ಮಾವ ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋಗಿದ್ದರು. 'ಕಮ್', 'ಸಿಟ್', 'ಸ್ಟೇ' ಎಂಬ ಮೂರು ಆಜ್ಞೆಗಳು, ಪ್ರತಿಯೊಂದರ ಮುಂದೆ ಕೈಯ ಸನ್ನೆ, ಕೊನೆಗೆ ರೊಟ್ಟಿಯ ಚೂರಿನ ಬಹುಮಾನ. ಐವತ್ತು ಹುಡುಗಿಯರನ್ನು ಒಂದು ಗಂಟೆಯ ಸದ್ದಿಗೆ ಸಾಲಾಗಿ ಕೂಡಿಸುತ್ತಿದ್ದ ನನಗೆ ಇದು ಕಷ್ಟವೆನಿಸಲಿಲ್ಲ. ಆದರೆ ಲವಂಗಿ 'ಕಮ್' ಎಂದರೆ ಅಂಗಳದ ತುದಿಗೆ ಓಡುತ್ತಿತ್ತು. 'ಸಿಟ್' ಎಂದರೆ ನನ್ನನ್ನು ಸಂಶಯದಿಂದ ನೋಡುತ್ತಿತ್ತು. 'ಸ್ಟೇ' ಎಂಬುದಂತೂ ಅದರ ಪಾಲಿಗೆ ಓಟದ ಆರಂಭದ ಸೂಚನೆಯಾಗಿತ್ತು. ನಾನು ಕೂಗಿದೆ, ರಮಿಸಿದೆ, ಬೇಡಿಕೊಂಡೆ, ಒಮ್ಮೆ ಪುಸ್ತಕವನ್ನು ಎತ್ತಿ ಎಸೆದೆ. ಲವಂಗಿ ಆ ಪುಸ್ತಕವನ್ನು ಮೆಚ್ಚಿ ತಿಂದಿತು.

"ನಮ್ಮ ಎತ್ತು ಕನ್ನಡದಾಗ ಹೇಳಿದ್ರ ನಿಂದರ್ತಾವ," ಎಂದಳು ನೀಲವ್ವ ಒಂದು ಸಂಜೆ. "ನಿಮ್ಮ ನಾಯಿಗ್ಯಾಕರಿ ಇಂಗ್ಲಿಷು?"

ನಾನು ಭಾಷೆ ಬದಲಿಸಿದೆ. ಫಲ ಬದಲಾಗಲಿಲ್ಲ.

ಅದಕ್ಕೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ನೆಲ ಕೆದರುವುದು. ಕೆದರಲು ಎಲ್ಲಕ್ಕಿಂತ ಪ್ರಿಯವಾದ ಜಾಗ ಅಂಗಳದ ಹಗೇವಿನ ಬಾಯಿ. ನಮ್ಮ ಕಡೆಯವರಲ್ಲದ ನಿಮಗೆ ಹೇಳಬೇಕೆಂದರೆ, ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಎರಡಾಳು ಆಳದ ಗಡಿಗೆಯಂಥ ಹೊಟ್ಟೆ. ಸುತ್ತ ಹುಲ್ಲು ಮೆತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಲವಂಗಿ ಆ ಮಣ್ಣನ್ನು ಕೆದರಿದಾಗಲೆಲ್ಲ ನೀಲವ್ವನ ಮುಖ ಬಿಗಿಯುತ್ತಿತ್ತು. ಕೋಳಿ ಅಟ್ಟಿದರೂ ನಕ್ಕವಳು, ಹೊಸ ಕೌದಿಯನ್ನು ಹರಿದಾಗಲೂ ಸುಮ್ಮನಿದ್ದವಳು, ಇದೊಂದಕ್ಕೆ ಮಾತ್ರ ಸೈರಿಸಲಿಲ್ಲ.

"ಅಕ್ಕೋರ, ಇನ್ನೊಮ್ಮೆ ಇದು ಹಗೇವಿನ ಹತ್ರ ಬಂತಂದ್ರ ನೀವು ಬ್ಯಾರೆ ಮನಿ ನೋಡ್ಕೋರಿ," ಎಂದು ಹೇಳಿ ಒಳಗೆ ಹೋದಳು. ಒಂದಿಷ್ಟು ಮಣ್ಣಿಗಾಗಿ ಇಷ್ಟು ನಿಷ್ಠುರವೇ ಎಂದು ನನಗೆ ಬೇಸರವಾಯಿತು. ಅಂದಿನಿಂದ ಲವಂಗಿಯನ್ನು ಕಂಬಕ್ಕೆ ಕಟ್ಟಿ ಶಾಲೆಗೆ ಹೋಗತೊಡಗಿದೆ.

ಶ್ರಾವಣದಲ್ಲಿ ಹಗೇವು ತೆಗೆದರು. ರಜೆಯಿದ್ದುದರಿಂದ ನಾನೂ ಅಂಗಳದಲ್ಲಿದ್ದೆ. ನೀಲವ್ವನ ಕುರಿಗಳನ್ನು ಕಾಯುತ್ತಿದ್ದ ಭೀಮಣ್ಣ ಬೆಳಿಗ್ಗೆಯೇ ಬಂದು ಮಣ್ಣು ಬಿಡಿಸಿ ಕಲ್ಲು ಸರಿಸಿದ. ಒಳಗಿನಿಂದ ಹುಳಿಯಾದ, ಬೆಚ್ಚಗಿನ ವಾಸನೆಯೊಂದು ಮೇಲೆದ್ದಿತು. ಹೋದ ವರ್ಷ ಅರ್ಧ ತೆಗೆದು ಮುಚ್ಚಿದ್ದ ಕಾಳು. ಒಂದು ದಿನ ಗಾಳಿಗೆ ಬಿಟ್ಟು ಮರುದಿನ ಇಳಿಯುವುದು ರೂಢಿ. ಭೀಮಣ್ಣ ಸರಿಸಿದ ಹಳೆಯ ಹುಲ್ಲಿನ ಗುಡ್ಡೆಯಿಂದ ಇಲಿಯೊಂದು ಜಿಗಿದು ಓಡಿತು. ಕಂಬದ ಕಡೆ ಹಗ್ಗ ಪಟ್ಟೆಂದು ಹರಿಯಿತು. ಇಲಿ ಹಗೇವಿನ ಬಾಯಿಗೆ ಬಿತ್ತು. ಅದರ ಹಿಂದೆಯೇ ಲವಂಗಿ.

ಕೆಳಗಿನಿಂದ ಎರಡು ಸಲ ಬೊಗಳಿದ್ದು ಕೇಳಿಸಿತು. ಮೂರನೆಯದು ಅರ್ಧಕ್ಕೇ ನಿಂತಿತು.

ನಾನೇನು ಮಾಡಿದೆನೆಂದು ನನಗೇ ಸ್ಪಷ್ಟವಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗೇವಿನ ಅಂಚಿಗೆ ಕುಳಿತು, ಎರಡೂ ಕಾಲುಗಳನ್ನು ಒಳಗೆ ಇಳಿಬಿಟ್ಟಿದ್ದೆ. ಪಾದಗಳಿಗೆ ಕಾವು ತಾಗಿದ್ದು ನೆನಪಿದೆ.

"ನಿಂದರ್ರಿ."

ನೀಲವ್ವ ಕೂಗಲಿಲ್ಲ. ಹತ್ತು ಮಾರು ದೂರದಿಂದ, ಒಂದೇ ಸಲ, ನೀರು ಕೇಳುವಷ್ಟು ಸಮಾಧಾನದಲ್ಲಿ ಹೇಳಿದಳು. ನಾನು ನಿಂತೆ. ಯಾಕೆಂದು ಕೇಳಲಿಲ್ಲ, ಕೇಳುವ ಮೊದಲೇ ಮೈ ನಿಂತುಬಿಟ್ಟಿತ್ತು.

"ಕಾಲ ಮ್ಯಾಲ ತಗೀರಿ. ಭೀಮಣ್ಣ, ಕಂದೀಲ ಹಚ್ಚಿ ಇಳಿಬಿಡು."

ಹಗಲುಹೊತ್ತಿನಲ್ಲಿ ಹಚ್ಚಿದ ಆ ಕಂದೀಲು ಹಗ್ಗದ ತುದಿಯಲ್ಲಿ ಒಂದಾಳು ಆಳಕ್ಕೆ ಇಳಿದದ್ದೇ ನಂದಿಹೋಯಿತು. ಯಾರೂ ಊದಲಿಲ್ಲ, ಗಾಳಿ ಬೀಸಲಿಲ್ಲ, ಸುಮ್ಮನೆ ಇಲ್ಲವಾಯಿತು. ದೀಪಕ್ಕೂ ಉಸಿರು ಸಿಗದ ಜಾಗ ಅದು; ನಾನು ಅಂಚಿನಿಂದ ಹಿಂದೆ ಸರಿದೆ.

ಭೀಮಣ್ಣ ಬಾವಿಯ ಕಡೆ ಓಡಿ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡಗಳನ್ನು ಎತ್ತುವ, ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು ಅದು. ಆದರೆ ಹಗೇವಿನೊಳಗೆ ಕತ್ತಲೆ. ನೀಲವ್ವ ಒಳಗಿನಿಂದ ಕನ್ನಡಿ ತಂದು ನನ್ನ ಕೈಗಿಟ್ಟಳು. "ಬಿಸಲ ಒಳಗ ಬಿಡ್ರಿ. ಕೈ ಅಳ್ಳಾಡಿಸಬ್ಯಾಡ್ರಿ." ಬಿಸಿಲಿನ ಬಿಲ್ಲೆಯೊಂದು ಹುಲ್ಲಿನ ಗೋಡೆಯ ಮೇಲೆ ಜಾರಿ, ಜೋಳದ ರಾಶಿಯ ಮೇಲೆ ಅಡ್ಡಬಿದ್ದ ಬಿಳಿಯ ಮೈಯನ್ನು ತೋರಿಸಿತು. ಎಂಟು ತಿಂಗಳಿಂದ ಒಂದು ನಾಯಿಯನ್ನು ಅಲ್ಲಾಡದಂತೆ ನಿಲ್ಲಿಸಲು ಹೆಣಗಿದ ನಾನು, ಅಲ್ಲಾಡದಂತೆ ನಿಲ್ಲುವುದು ಎಷ್ಟು ಕಷ್ಟವೆಂದು ಆಗ ತಿಳಿದೆ.

ಗರಡಿ ಮೊದಲ ಸಲ ಕಾಳಿಗೆ ಹೊಕ್ಕಿತು. ಎರಡನೆಯ ಸಲ ಬೆನ್ನನ್ನು ಸವರಿ ಜಾರಿತು. ಮೂರನೆಯ ಸಲ ಕೊರಳಪಟ್ಟಿಗೆ ಸಿಕ್ಕಿತು.

ಮೇಲೆ ಬಂದದ್ದು ಒದ್ದೆ ಬಟ್ಟೆಯಂತಿತ್ತು, ನಾಲಗೆ ನೀಲಿಗಟ್ಟಿತ್ತು. ನಾನು ಕನ್ನಡಿ ಕೆಳಗಿಟ್ಟೆ, ಅಷ್ಟೇ. ಮುಂದೇನು ಮಾಡಬೇಕೆಂದು ತೋಚಲಿಲ್ಲ. ಭೀಮಣ್ಣ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿ ಲವಂಗಿಯನ್ನು ಆಚೆ ಈಚೆ ತೂಗಿದ, ಅಂಗೈಯಿಂದ ಪಕ್ಕೆ ತಿಕ್ಕಿದ, ಬಾಯಿ ಮುಚ್ಚಿಹಿಡಿದು ಮೂಗಿಗೆ ಊದಿದ. "ಉಸರಿಲ್ದ ಹುಟ್ಟಿದ ಮರೀಗೆ ಹಿಂಗ ಮಾಡ್ತೇವ್ರಿ," ಎಂದ, ನಡುವೆ ಒಮ್ಮೆ ತಲೆಯೆತ್ತಿ. ಮತ್ತೆ ತೂಗಿದ, ಮತ್ತೆ ಊದಿದ. ಬಹಳ ಹೊತ್ತಿನ ಮೇಲೆ ಲವಂಗಿ ಒಮ್ಮೆ ಸೀನಿತು. ನೀಲವ್ವ ಅದನ್ನು ಎತ್ತಿ ತನ್ನ ಮಡಿಲಲ್ಲಿ ಹಾಕಿಕೊಂಡಳು. ಅದುವರೆಗೆ ಅವಳು ಆ ನಾಯಿಯನ್ನು ಮುಟ್ಟಿದ್ದಿಲ್ಲ.

ಮುಚ್ಚಂಜೆಯ ಹೊತ್ತಿಗೆ, ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ, ಅವಳು ತಾನಾಗಿ ಹೇಳಿದಳು.

"ನಮ್ಮ ಮೈದುನ ಮೊದಲು ಇಳದ. ಬೆಳಗ್ಗೆ ತಗದಿದ್ರು, ಸಂಜೀಕ ಬೀಗರು ಬರೂರಿದ್ರು, ಕಾಳ ಬೇಕಾಗಿದ್ದುವು. ಅಂವ ಮಾತಾಡ್ಲಿಲ್ಲಂತ ನಮ್ಮವರು ಇಳದ್ರು. ನಾ ಇಲ್ಲೇ ನಿಂತಿದ್ದೆ, ಅಕ್ಕೋರ. ಹೊಸ್ತಾಗಿ ಬಂದ ಸೊಸಿ; ಹಿರ್ಯಾರ ಮುಂದ ಗಂಡನ್ನ ನಿಂದರ್ರಿ ಅಂತ ಹ್ಯಾಂಗ ಅನ್ನೂದು ಅಂತ ಸುಮ್ಮನ ನಿಂತೆ. ಇಬ್ರೂ ಜೀವಂತ ಮ್ಯಾಲ ಬರಲಿಲ್ಲ."

ನಾನು, "ಆದ್ರೂ ನೀವು ಇದ ಹಗೇವಿನ್ಯಾಗ ಕಾಳ ತುಂಬ್ತೀರಿ," ಎಂದೆ.

"ಹಗೇವಿಂದೇನ ತಪ್ಪೈತಿ? ಅದಕ್ಕ ಬಾಯಿಲ್ಲ. ನನಗಿತ್ತು."

ಅಷ್ಟು ಹೇಳಿ ಎದ್ದು ಒಲೆ ಹೊತ್ತಿಸಲು ಹೋದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ದುಃಖ ತುಂಬ ಹಳೆಯದಾದಾಗ ಅದು ಮನೆಯ ಒಂದು ನಿಯಮವಾಗಿ ಉಳಿಯುತ್ತದೆಂದು ತೋರುತ್ತದೆ. ನಿಯಮವನ್ನಷ್ಟೇ ಕಂಡ ನಾವು ಮನೆಯೊಡತಿ ಬಿರುಸು ಎಂದುಕೊಳ್ಳುತ್ತೇವೆ.

ಲವಂಗಿ ನಾಲ್ಕು ದಿನ ಹಾಲು ಕುಡಿದು ಮಲಗಿ, ಐದನೆಯ ದಿನ ಹಗೇವಿನ ಮಣ್ಣು ಕೆದರಿತು. ಜೀವ ಹೋಗಿ ಬಂದರೂ ಅದರ ಸ್ವಭಾವಕ್ಕೆ ಏನೂ ಆಗಿರಲಿಲ್ಲ. ಆಗ ನೀಲವ್ವ ತಾನೇ ಮುಂದೆ ಬಂದಳು. ದಿನಾ ಸಂಜೆ ಹಗೇವಿನ ಪಕ್ಕದಲ್ಲಿ ಕುಳಿತು, ಎರಡು ಮಾರು ದೂರದಲ್ಲಿ ತುಪ್ಪ ಸವರಿದ ರೊಟ್ಟಿಯ ಚೂರನ್ನಿಟ್ಟು, "ನಿಂದರು" ಎಂದು ಒಂದೇ ಸಲ ಹೇಳುತ್ತಿದ್ದಳು. ಲವಂಗಿ ಮುಂದೆ ಹೆಜ್ಜೆಯಿಟ್ಟರೆ ಬಯ್ಯುತ್ತಿರಲಿಲ್ಲ. ರೊಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು, ಅಂದಿನ ಪಾಠ ಅಲ್ಲಿಗೆ ಮುಗಿಯುತ್ತಿತ್ತು.

"ಇನ್ನೊಮ್ಮೆ ಹೇಳ್ರಿ, ಕೇಳೀತು," ಎಂದೆ ನಾನು.

"ಎರಡನೇ ಸಲ ಹೇಳಿದ್ರ ಮೊದಲನೇದ್ದು ಸುಳ್ಳಾಗ್ತೈತ್ರಿ, ಅಕ್ಕೋರ."

ಒಂದು ತಿಂಗಳಿಗೆ ಲವಂಗಿ ಆ ಮಾತನ್ನು ಕಲಿತಿತು. ಬೇರೆ ಯಾವುದನ್ನೂ ಕಲಿಯಲಿಲ್ಲ. ನಾನೂ ಕಲಿಸಲು ಹೋಗಲಿಲ್ಲ. ಶಾಲೆಯಲ್ಲಿ ನನ್ನ ದನಿ ಇಳಿಯಿತು. ಹೇಳಲೇಬೇಕಾದದ್ದು ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚಿಲ್ಲವೆಂದು ಗೊತ್ತಾದ ಮೇಲೆ, ಉಳಿದ ಹೊತ್ತು ಹುಡುಗಿಯರು ತಮ್ಮಷ್ಟಕ್ಕೆ ಗುಲ್ಲು ಮಾಡಿಕೊಂಡು ಚೆನ್ನಾಗಿಯೇ ಓದಿದರು.

ಎರಡು ವರ್ಷದ ಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲಿಗೆ ಹೋದ ಮೊದಲ ವಾರ, ಶಾಲೆಯ ದಾರಿಯಲ್ಲಿ, ಲವಂಗಿ ಗಟಾರದಿಂದ ಎದ್ದ ಒಂದು ಇಲಿಯನ್ನು ಕಂಡು ರಸ್ತೆಗೆ ನುಗ್ಗಿತು. ತಿರುವಿನಿಂದ ಬಸ್ಸು ಬರುತ್ತಿತ್ತು. ನಾನು ಕೂಗಲಿಲ್ಲ.

"ನಿಂದರು," ಎಂದೆ.

ಲವಂಗಿ ಒಂದು ಮುಂಗಾಲು ಎತ್ತಿದಂತೆಯೇ ನಿಂತಿತು. ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹೊತ್ತು ಹೊರಟಿದ್ದ ಮುದುಕನೊಬ್ಬನೂ ನಿಂತ. ಬಸ್ಸು ನಮ್ಮ ಮೂವರಿಗೂ ಧೂಳು ಹಾಕಿ ಹೋಯಿತು.

"ನನಗೇನ್ರಿ ಅಕ್ಕೋರ?" ಎಂದ ಅವನು, ಹೊರೆಯಿಂದಾಗಿ ಕತ್ತು ತಿರುಗಿಸಲಾಗದೆ.

"ನಿಮಗಲ್ರಿ, ನಾಯಿಗೆ."

ಅವನು ಹೊರೆಯನ್ನು ಸರಿಪಡಿಸಿಕೊಂಡ. "ನಾಯಿಗ ಅಂದೀರಿ ಖರೆ," ಎಂದ, "ಆದ್ರ ನಮ್ಮ ಹೆಂಡ್ತಿ ನಿಂದರ್ರಿ ಅಂದಂಗ ಆತ್ರಿ."