ಗೈಡ್ ಸಾಹೇಬರ ಸಹಿ

ಚೆನ್ನೈನ ಟ್ರಸ್ಟಿನಿಂದ ಬಂದ ಕಾಗದವನ್ನು ಪ್ರಿಸಿಲ್ಲಾ ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಮೈಯೆಲ್ಲ ಉರಿದುಹೋಯಿತು. ಸಮುದ್ರದ ಶಂಖ ಯಾವ ತಿಂಗಳು, ಎಷ್ಟು ಆಳದಲ್ಲಿ ಮೊಟ್ಟೆಯಿಡುತ್ತದೆ ಎನ್ನುವ ಅವಳ ಸಂಶೋಧನೆ ಬಹಳ ಒಳ್ಳೆಯದೇ ಅಂತೆ. ಆದರೆ ಮಾರ್ಗದರ್ಶಕರ ಶಿಫಾರಸು ಪತ್ರದಲ್ಲಿ ವಿದ್ಯಾರ್ಥಿನಿಯ ಬಗ್ಗೆ ಉತ್ಸಾಹವೇ ಕಾಣಲಿಲ್ಲವಂತೆ. ಅದಕ್ಕೇ ಅನುದಾನ ಇಲ್ಲ.

ಆ ಪತ್ರ ಬರೆದವಳು ಅವಳೇ.

ತಿರುನೆಲ್ವೇಲಿಯ ಆ ವಿಭಾಗದಲ್ಲಿ ನಡೆದುಬಂದದ್ದೇ ಹಾಗೆ. ವಿದ್ಯಾರ್ಥಿಯೇ ತನ್ನ ಶಿಫಾರಸು ಬರೆದು, ಟೈಪು ಮಾಡಿ, ಕೆಳಗೆ ಜಾಗ ಬಿಟ್ಟು ಪ್ರೊಫೆಸರ್ ತಣಿಕಾಚಲಂ ಅವರ ಮೇಜಿನ ಮೇಲಿಡಬೇಕು. ಅವರು ಸಹಿ ಹಾಕುತ್ತಾರೆ. ಹುಡುಗರು ನಾಚಿಕೆ ಬಿಟ್ಟು, "ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಂಥ ಪ್ರತಿಭೆ ಕಂಡಿಲ್ಲ" ಎಂದು ಬರೆದುಕೊಳ್ಳುತ್ತಿದ್ದರು. ಪ್ರಿಸಿಲ್ಲಾ ತೂತ್ತುಕುಡಿಯಲ್ಲಿ ಶಂಖ ತೆಗೆಯಲು ಸಮುದ್ರದಲ್ಲಿ ಮುಳುಗುವವನ ಮಗಳು. ಮೀನುಸಾರು ಚೆನ್ನಾಗಿ ಮಾಡಿದೆನೆಂದು ಜಂಬ ಕೊಚ್ಚಿದರೂ ಅಮ್ಮ ಶನಿವಾರ ಪಾದ್ರಿಗಳ ಹತ್ತಿರ ತಪ್ಪೊಪ್ಪಿಗೆಗೆ ಅಟ್ಟುತ್ತಿದ್ದ ಮನೆ. ಅವಳ ಕೈಯಿಂದ ಬಂದದ್ದು ಇಷ್ಟೇ: "ಶಿಸ್ತಿನ ಹುಡುಗಿ. ಸಮಯಕ್ಕೆ ಸರಿಯಾಗಿ ಬರುತ್ತಾಳೆ."

ಕಾಗದ ಹಿಡಿದು ತನ್ನ ಗೈಡ್ ತಣಿಕಾಚಲಂ ಅವರ ಕೋಣೆಗೆ ಹೋದಳು. ಅವರು ಓದಿ ನಕ್ಕುಬಿಟ್ಟರು.

"ನೀನೇ ಬರ್ಕೊಂಡಿದ್ದಲ್ವೇನಮ್ಮಾ? ನಿನ್ನ ಹೊಗಳ್ಕೊಳ್ಳೋಕೆ ನಿನಗೇ ಬಾರದಿದ್ರೆ ನಾನೇನು ಮಾಡ್ಲಿ? ಇನ್ನೊಂದು ಅನುದಾನ ಇದ್ಯಲ್ಲ, ಶುಕ್ರವಾರ ಕೊನೇ ದಿನ. ಈ ಸಲ ಒಂಚೂರು ಮಸಾಲೆ ಹಾಕಿ ಬರಿ."

ಅದೊಂದೇ ಉಳಿದಿತ್ತು. ಉಳಿದೆಲ್ಲ ಅನುದಾನಗಳಿಗೆ ಒಂದೋ ಅವಳ ವಯಸ್ಸು ಮೀರಿತ್ತು, ಇಲ್ಲವೇ ಕಾಯಂ ನೌಕರಿ ಇರಬೇಕಿತ್ತು. ಅನುದಾನವಿಲ್ಲದೆ ದೋಣಿ ಬಾಡಿಗೆಗೆ ದುಡ್ಡಿಲ್ಲ; ಶಂಖ ಮೊಟ್ಟೆಯಿಡುವ ಈ ಋತು ತಪ್ಪಿದರೆ ಮುಂದಿನ ಋತುವಿನ ಹೊತ್ತಿಗೆ ಅವಳ ನೋಂದಣಿಯೇ ರದ್ದು. ನಾಲ್ಕು ವರ್ಷದ ಕೆಲಸ ನೀರುಪಾಲು.

ಅವಳು ಕಚೇರಿಗೆ ಹೋಗಿ ಧಡಧಡ ಟೈಪು ಮಾಡಿದಳು. ಗುಮಾಸ್ತೆ ಇಸಕ್ಕಿಯಮ್ಮ ಹಿಂದಿನಿಂದ ಇಣುಕಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನೇ ಇದು? ತಲೆ ಕೆಟ್ಟಿದ್ಯಾ ನಿಂಗೆ?"

"ನೆಟ್ಟಗಾಗಿದೆ ಅಕ್ಕಾ. ಇವತ್ತೇ."

ಮರುದಿನ ಪ್ರೊಫೆಸರು ಫೋನಿನಲ್ಲಿ ನಾದಿನಿಯ ಮಗಳ ಮದುವೆ ಛತ್ರದ ಮಾತಾಡುತ್ತಲೇ ಪತ್ರ ಎಳೆದುಕೊಂಡು ಸಹಿ ಗೀಚಿ ತಳ್ಳಿದರು. ಕಣ್ಣು ಹಾಯಿಸಲಿಲ್ಲ. ಫೋನು ಇಡುವುದನ್ನೇ ಕಾದಿದ್ದು ಪ್ರಿಸಿಲ್ಲಾ ಅಲ್ಲೇ ನಿಂತು ಗಟ್ಟಿಯಾಗಿ ಓದಿದಳು. ಬಾಗಿಲು ತೆರೆದಿತ್ತು, ಹೊರಗೆ ಚಹಾ ಕುಡಿಯುತ್ತಿದ್ದ ಮೇಷ್ಟ್ರುಗಳೆಲ್ಲ ಕಿವಿ ನೆಟ್ಟಗೆ ಮಾಡಿದರು.

"'ಈ ವಿದ್ಯಾರ್ಥಿನಿ ನಾಲ್ಕು ವರ್ಷಗಳಿಂದ ನನ್ನ ಕೈಕೆಳಗಿದ್ದಾಳೆ. ಅವಳು ಬರೆದ ಒಂದು ಪುಟವನ್ನೂ ನಾನು ಓದಿಲ್ಲ. ಈ ಪತ್ರವನ್ನೂ ನಾನು ಬರೆದಿಲ್ಲ, ಓದಿಲ್ಲ. ಇಂತಿ, ತಣಿಕಾಚಲಂ.' ಸಹಿ ನಿಮ್ದೇ ತಾನೇ ಸಾರ್?"

ಅವರ ಮುಖ ಕೆಂಪೇರಿತು. "ಕೊಡು ಇಲ್ಲಿ! ಇದನ್ನ ಕಳಿಸ್ತೀಯಾ ನೀನು?"

"ಬೇರೆ ಪತ್ರ ಇಲ್ವಲ್ಲ ಸಾರ್."

ಹೊರಗೆ ಯಾರೋ ಕಿಸಕ್ಕೆಂದರು. ಪ್ರೊಫೆಸರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಸರಿ, ನಾನೇ ಬರೀತೀನಿ. ಮುತ್ತಿನ ಮೇಲಲ್ವೇನಮ್ಮಾ ನಿನ್ನ ಕೆಲಸ?"

ಪ್ರಿಸಿಲ್ಲಾ ಅವರ ಹಿಂದಿನ ಕಪಾಟು ತೆಗೆದಳು. ವರ್ಷಕ್ಕೊಂದರಂತೆ ಅವಳು ಕೊಟ್ಟಿದ್ದ ನಾಲ್ಕು ವರದಿಗಳು ಅಂಟಿಸಿದ ಲಕೋಟೆಗಳಲ್ಲೇ ಇದ್ದವು. ಧೂಳು ಸಮೇತ ತಂದು ಅವರ ಮುಂದೆ ಎತ್ತಿ ಹಾಕಿದಳು.

"ಓದ್ಕೊಂಡು ಬರೀರಿ ಸಾರ್. ನಾಳೆ ಸಂಜೆ ತನಕ ಟೈಮಿದೆ."